ವನ್ಸ್‌ಮೋರ್ ಎನ್ನುವ ಮುನ್ನ



ಕೆಲವು ವರ್ಷಗಳ ಹಿಂದೆ ಚಿತ್ತಾಪುರ ಸೀಮೆಯ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ನಾನು ಅತಿಥಿಯಾಗಿ ಹೋಗಿದ್ದೆ. ಕಾರ್ಯಕ್ರಮಪಟ್ಟಿಯಲ್ಲಿ ‘ಚಿಯರ್‌ಡ್ಯಾನ್ಸ್’ ಎಂದಿದ್ದುದನ್ನು ಕಂಡು ಹುಬ್ಬು ಗಂಟಿಕ್ಕಿದೆ. 2008ರಲ್ಲಿ ಐಪಿಎಲ್ ಕ್ರಿಕೆಟ್ ಬೆಂಗಳೂರಿನಲ್ಲಿ ಆರಂಭವಾದಾಗ ಅಮೆರಿಕದ ತರುಣಿಯರು ಮೈದಾನದ ಅಂಚಿನಲ್ಲಿ ಕುಣಿದದ್ದು ನೆನಪಾಯಿತು. ಈ ಪರಂಗಿ ಬೆಡಗು ನಮ್ಮ ಮಕ್ಕಳಿಗೇಕೆ ಎಂದುಕೊಂಡೆ.

ಅದು ಅರಿಯದವನ ಮಾತು. ಈ ಕಲೆ ಹುಟ್ಟಿದ್ದು ಬೆಡಗಿನಿಂದಲ್ಲ, ಕೂಗಿನಿಂದ. 1898ರ ನವೆಂಬರಿನಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯದಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರ ಮುಂದೆ ನಿಂತು ಒಕ್ಕೊರಲಿನ ಘೋಷವನ್ನು ನಡೆಸಿದ. ಮೊದಲಲ್ಲಿ ಇದು ಗಂಡಸರದೇ ಮೇಳ. 1920ರ ದಶಕದಲ್ಲಿ ಅಲ್ಲಿಯೇ ಹೆಣ್ಣುಮಕ್ಕಳು ಬಂದು ಸೇರಿದರು. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಇದರ ಜಾಗತಿಕ ಒಕ್ಕೂಟಕ್ಕೆ ಪೂರ್ಣ ಮಾನ್ಯತೆಯನ್ನಿತ್ತಿತು. ಯೋಚಿಸಿದರೆ, ಹುರಿದುಂಬಿಸುವುದು ನಮಗೇನು ಹೊಸತೆ? ಪುರವಂತರು ಒಡಪು ಹೇಳುವಾಗ ಸುತ್ತ ನಿಂತವರು ದನಿಗೂಡಿಸುವುದಿಲ್ಲವೆ? ಮೊಹರಮ್ಮಿನಲ್ಲಿ ಹಲಗೆಯ ಪೆಟ್ಟಿಗೆ ಓಣಿಯೇ ಹೆಜ್ಜೆ ಕೂಡಿಸುವುದಿಲ್ಲವೆ?

ಇದರ ಮೊದಲ ಪಾಠ ಎಂಟರ ಎಣಿಕೆ. ಮುಷ್ಟಿ ಬಿಗಿದಿರಬೇಕು, ಹೆಬ್ಬೆರಳು ಹೊರಗಿರಬೇಕು, ಮಣಿಕಟ್ಟು ಬಾಗಬಾರದು. ಕೈಗಳನ್ನು ಓರೆಯಾಗಿ ಮೇಲೆತ್ತಿದರೆ ಇಂಗ್ಲಿಷಿನ ‘ವಿ’, ಅಡ್ಡ ಚಾಚಿದರೆ ‘ಟಿ’. ಘೋಷವು ಗಂಟಲಿನಿಂದಲ್ಲ, ಹೊಟ್ಟೆಯಿಂದ ಬರಬೇಕು. ಜಿಗಿದು ಇಳಿಯುವಾಗ ಮಂಡಿ ತುಸು ಮಣಿಯಬೇಕು. ಕೈಯಲ್ಲಿ ಬಣ್ಣದ ಕುಚ್ಚು ಹಿಡಿದು ಒಂದೇ ಮೈಯೆಂಬಂತೆ ಕುಣಿದರೆ ಅದು ಚಿಯರ್‌ಡ್ಯಾನ್ಸ್. ಘೋಷ, ಲಾಗ, ಎತ್ತುಗೆಗಳು ಕೂಡಿದರೆ ಚಿಯರ್‌ಲೀಡಿಂಗ್. ಎತ್ತುಗೆಯಲ್ಲಿ ಮೇಲೇರುವವಳು ಫ್ಲೈಯರ್, ಹೊರುವವರು ಬೇಸ್, ಬೆನ್ನ ಹಿಂದೆ ನಿಂತು ಬಿದ್ದರೆ ಹಿಡಿಯುವವಳು ಸ್ಪಾಟರ್.

ಆ ಸಂಜೆ ಮಕ್ಕಳು ಸೊಗಸಾಗಿ ಕುಣಿದು, ಕೊನೆಗೆ ಮೂರಂತಸ್ತಿನ ಗೋಪುರವಾಗಿ ನಿಂತರು. ನನ್ನ ಗಂಟು ಸಡಿಲಿತು. ಕಂಪನಿ ನಾಟಕಗಳನ್ನು ನೋಡಿ ಬೆಳೆದವನು ನಾನು. ಹಳೆಯ ಚಾಳಿಯಂತೆ ‘ವನ್ಸ್‌ಮೋರ್’ ಎಂದುಬಿಟ್ಟೆ. ಅತಿಥಿಯ ಮಾತು, ಮೀರುವವರಾರು? ಸಭೆಯೂ ಕೂಗಿತು. ದಣಿದ ಮಕ್ಕಳು ಮತ್ತೆ ಏರಿದರು. ಕೆಳಗೆ ಶಹಾಬಾದ್ ಕಲ್ಲಿನ ಹಾಸು. ಹಾಸಿಗೆಯಿಲ್ಲ, ಹಿಂದೆ ಕಾಯುವವರಿಲ್ಲ. ತುದಿಯ ಹುಡುಗಿ ಬಿದ್ದಳು. ಮುಂಗೈ ಮುರಿಯಿತು.

ಮರುದಿನ ನೋಡಲು ಹೋದೆ. ಕೈಗೆ ಪ್ಲಾಸ್ಟರು. ಏನು ಹೇಳಬೇಕೆಂದು ತಿಳಿಯದೆ ಕುಳಿತಿದ್ದೆ. ಅವಳೇ ಹೇಳಿದಳು: “ಸರ್, ಕೆಳಗಿದ್ದಾಕಿನ್ನ ಯಾರೂ ಬೈಬ್ಯಾಡ್ರಿ. ಆಕಿ ನನ್ನ ಕೈ ಬಿಟ್ಟಿಲ್ಲ. ನನ್ನ ಕೂಡ ಆಕೀನೂ ಬಿದ್ದಾಳ.”

ನಲವತ್ತು ವರ್ಷಗಳ ಕಾಲ ಸಾಹಿತ್ಯ ಬೋಧಿಸಿದವನು ನಾನು. ಸಹೃದಯತೆಯ ಮೇಲೆ ಗಂಟೆಗಟ್ಟಲೆ ಮಾತನಾಡಿದ್ದೇನೆ. ಅಂದು ನೋಡಿದ್ದು ಮಾತ್ರ ತುದಿಯನ್ನು. ಬುಡದಲ್ಲಿ ನಡುಗುತ್ತಿದ್ದ ಮಂಡಿಗಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹುರಿದುಂಬಿಸುವ ಕಲೆಯನ್ನು ಕಲಿತಿದ್ದವರು ಆ ಮಕ್ಕಳು. ಕಲಿಯದೆ ಕೂಗಿದವನು ನಾನು.

ಹುಡುಗಿ ಗುಣವಾದಳು. ಮುಂದಿನ ವರ್ಷ ನೆಲಕ್ಕೆ ದಪ್ಪ ಹಾಸು ಬಂತು, ಮೂರನೆಯ ಅಂತಸ್ತು ಹೋಯಿತು. ಅವಳು ಆ ಸಲ ಏರಲಿಲ್ಲ. ಗೆಳತಿಯ ಬೆನ್ನ ಹಿಂದೆ ಎರಡೂ ಕೈ ಚಾಚಿ ನಿಂತಳು. ನಾನು ಮನಸಾರೆ ಚಪ್ಪಾಳೆ ತಟ್ಟಿದೆ. ವನ್ಸ್‌ಮೋರ್ ಎನ್ನಲಿಲ್ಲ.