ಐಯೆಲ್ಟ್ಸ್ ಓದಿನ ಪರೀಕ್ಷೆಗೆ ಪದಗಳನ್ನು ಕೂಡಿಡುವುದು ಹೇಗೆ?

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಈಗ ಐಯೆಲ್ಟ್ಸ್ ಎಂಬ ಹೆಸರು ಕೇಳದವರು ಕಡಿಮೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ತಂಗಿಗೆ ಬ್ರಿಟನ್ನಿಗೆ ಹೋಗಬೇಕಾಗಿದೆ. ಮಗಳಿಗೆ ಹೊರದೇಶದಲ್ಲಿ ಎಂ.ಎಸ್. ಮಾಡಬೇಕಾಗಿದೆ. ಇನ್ನೊಬ್ಬರ ಗಂಡ ಕೆನಡಾದ ಪಿ.ಆರ್.ಗೆ ಅರ್ಜಿ ಹಾಕುತ್ತಿದ್ದಾರೆ, 'ನೀನೂ ಪರೀಕ್ಷೆ ಬರೆದರೆ ಅಂಕ ಸೇರುತ್ತದೆ' ಎನ್ನುತ್ತಿದ್ದಾರೆ. ಮೂವರ ಬಾಯಲ್ಲೂ ಬರುವ ಮಾತು ಒಂದೇ: 'ಮಾತಾಡುವುದು ಹೇಗೋ ಆಗುತ್ತದೆ, ಆದರೆ ಆ ಓದುವ ಪೇಪರಿನಲ್ಲಿ ಅರ್ಧ ಪದಗಳೇ ಗೊತ್ತಿರುವುದಿಲ್ಲ.' ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲೋ ಊರಿನ ಸರಕಾರಿ ಶಾಲೆಯಲ್ಲೋ ಕಲಿತವರು ಇನ್ನೊಂದು ಮಾತು ಸೇರಿಸುತ್ತಾರೆ: 'ನಾವು ಕನ್ನಡ ಮೀಡಿಯಂ, ನಮ್ಮಿಂದಾಗದು.'

ಈ ಎರಡನೆಯ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಎಂದು ಹೇಳುವುದಕ್ಕೆ ಮೊದಲು ಪರೀಕ್ಷೆಯ ಲೆಕ್ಕ ನೋಡೋಣ. ಲೆಕ್ಕ ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಓದಿನ ಪೇಪರಿಗೆ 60 ನಿಮಿಷ, 40 ಪ್ರಶ್ನೆ. ಒಂದೊಂದಕ್ಕೆ ಒಂದು ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ಅಕಾಡೆಮಿಕ್ ಮತ್ತು ಜನರಲ್ ಟ್ರೇನಿಂಗ್ ಎಂದು ಎರಡು ಬಗೆ. ಅಕಾಡೆಮಿಕ್‌ನಲ್ಲಿ ಮೂರು ದೊಡ್ಡ ಲೇಖನಗಳು, ಒಟ್ಟು 2150ರಿಂದ 2750 ಪದಗಳು. ಅದರಲ್ಲಿ 40ಕ್ಕೆ ಸುಮಾರು 30 ಸರಿಯಾದರೆ 7 ಬ್ಯಾಂಡ್, 23 ಸರಿಯಾದರೆ 6. ಜನರಲ್ ಟ್ರೇನಿಂಗ್‌ನಲ್ಲಿ ಪಠ್ಯ ಸ್ವಲ್ಪ ಸುಲಭ, ಹಾಗಾಗಿ 7 ಬರಲು ಸುಮಾರು 34 ಸರಿಯಾಗಬೇಕು, 30ಕ್ಕೆ ಸಿಗುವುದು 6 ಮಾತ್ರ. ಒಂದೆರಡು ಅಂಕ ಆಚೀಚೆ ಆಗಬಹುದು. ಯಾವ ಬಗೆ ನಮಗೆ ಬೇಕು ಎಂದು ತಿಳಿದುಕೊಂಡೇ ಹೆಸರು ನೋಂದಾಯಿಸಿ. ಶುಲ್ಕ ಹತ್ತು ಸಾವಿರ ರೂಪಾಯಿಗೂ ಮೀರಿದ್ದು, ಫಲಿತಾಂಶಕ್ಕೆ ಎರಡೇ ವರ್ಷದ ಆಯುಷ್ಯ.

ಬ್ರಿಟನ್ನಿನ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲ್ ನರ್ಸ್‌ಗಳಿಂದ ಕೇಳುವುದು ಅಕಾಡೆಮಿಕ್ ಪರೀಕ್ಷೆಯಲ್ಲಿ ಓದಿಗೆ 7. ಅಂದರೆ ಹತ್ತು ಪ್ರಶ್ನೆ ತಪ್ಪಿದರೂ ಬಾಗಿಲು ತೆರೆಯುತ್ತದೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಗಂಡನ ಹೆಸರಿನ ಅರ್ಜಿಗೆ ಹೆಂಡತಿಯ ಭಾಷಾ ಪರೀಕ್ಷೆಯಿಂದ ಗರಿಷ್ಠ 20 ಅಂಕ ಸೇರುತ್ತದೆ. ಓದಿಗೆ ಅದರಲ್ಲಿ 5, ಅದಕ್ಕೆ ಜನರಲ್ ಟ್ರೇನಿಂಗ್‌ನಲ್ಲಿ 7 ಬೇಕು. ಹೆಂಡತಿಯ ಒಟ್ಟು ಅಂಕ ಹೆಚ್ಚಿದ್ದರೆ ಅವಳೇ ಮುಖ್ಯ ಅರ್ಜಿದಾರಳೂ ಆಗಬಹುದು. 'ಅವರ ಫೈಲಿಗೆ ನನ್ನದೊಂದು ಸರ್ಟಿಫಿಕೇಟು' ಎಂದು ಕೂರುವ ಮೊದಲು ಇದನ್ನು ನೆನಪಿಡಿ.

ಈಗ ಪದಗಳ ವಿಷಯ. ಕೆಲವು ಕೋಚಿಂಗ್ ಕ್ಲಾಸುಗಳು ಐದು ಸಾವಿರ ಪದಗಳ ಪಟ್ಟಿ ಕೈಗಿಟ್ಟು 'ಬಾಯಿಪಾಠ ಮಾಡಿ' ಎನ್ನುತ್ತವೆ. ಅಡುಗೆ, ಡ್ಯೂಟಿ, ಮಕ್ಕಳ ಶಾಲೆ ಮುಗಿಸಿ ರಾತ್ರಿ ಹನ್ನೊಂದಕ್ಕೆ 'ಎ' ಅಕ್ಷರದಿಂದ ಶುರು ಮಾಡಿದವರು 'ಸಿ' ದಾಟುವುದಿಲ್ಲ. ದಾಟಿದರೂ ಪ್ರಯೋಜನ ಕಡಿಮೆ, ಯಾಕೆಂದರೆ ಈ ಪರೀಕ್ಷೆ 'ಈ ಪದದ ಅರ್ಥವೇನು' ಎಂದು ಕೇಳುವುದೇ ಅಪರೂಪ. ಲೇಖನದಲ್ಲಿ ಒಂದು ಪದದಲ್ಲಿ ಹೇಳಿದ್ದನ್ನು ಪ್ರಶ್ನೆಯಲ್ಲಿ ಬೇರೆ ಪದದಲ್ಲಿ ಹೇಳುತ್ತದೆ. ಎರಡೂ ಒಂದೇ ಎಂದು ನಾವು ಗುರುತಿಸಬೇಕು. ದಿನವೂ ಹತ್ತಿ ಸೀರೆಯಲ್ಲಿ ನೋಡಿದ ನೆರೆಮನೆಯಾಕೆ ಮದುವೆಗೆ ರೇಷ್ಮೆ ಉಟ್ಟು ಬಂದರೆ ಗುರುತು ಹಿಡಿಯುತ್ತೇವಲ್ಲ, ಅಷ್ಟೇ.

ಲೇಖನದಲ್ಲಿ ಮೀನಿನ ಇಳುವರಿಗೆ 'ಡಿಕ್ಲೈನ್' ಎಂದಿರುತ್ತದೆ, ಪ್ರಶ್ನೆಯಲ್ಲಿ 'ರಿಡಕ್ಷನ್' ಎಂದೋ 'ಫಾಲ್' ಎಂದೋ ಇರುತ್ತದೆ. ಲೇಖನದಲ್ಲಿ 'ಚಿಲ್ಡ್ರನ್', ಪ್ರಶ್ನೆಯಲ್ಲಿ 'ದ ಯಂಗ್'. ಕನ್ನಡದಲ್ಲಿ ಇದು ನಮಗೆ ಸಮಸ್ಯೆಯೇ ಅಲ್ಲ. 'ಮಳೆ ಕೈಕೊಟ್ಟಿತು', 'ಅನಾವೃಷ್ಟಿ', 'ಬರ' ಎಂದು ಒಂದೇ ದಿನದ ಪತ್ರಿಕೆಯಲ್ಲಿ ಮೂರು ಕಡೆ ಬಂದರೂ ಸುದ್ದಿ ಒಂದೇ ಎಂದು ತಿಳಿಯುತ್ತದೆ. ಅದೂ ಅಲ್ಲದೆ, ಈ ಊರಿನಲ್ಲಿ ಸಂಸಾರ ಮಾಡುವ ನಾವು ಭಾಜಿಯವನ ಹತ್ತಿರ 'ವಾಂಗಿ' ಎಂದು ಮರಾಠಿಯಲ್ಲಿ ಕೇಳಿ, ಪಕ್ಕದ ಮನೆಯವರಿಗೆ 'ಬೈಂಗನ್' ಎಂದು ಹಿಂದಿಯಲ್ಲಿ ಹೇಳಿ, ಮನೆಗೆ ಬಂದು ಬದನೆಕಾಯಿ ಹುಳಿ ಮಾಡುತ್ತೇವೆ. ಒಂದು ಅರ್ಥವನ್ನು ಹಲವು ಹೆಸರಿನಲ್ಲಿ ಹಿಡಿಯುವ ಅಭ್ಯಾಸ ನಮಗೆ ದಿನನಿತ್ಯದ್ದು. ಕನ್ನಡ ಮೀಡಿಯಂ ಅಡ್ಡಿ ಎನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ನಮಗೆ ಸಾಲದ್ದು ಇಂಗ್ಲಿಷಿನ ಓದು. ಅದನ್ನು ಗಳಿಸಿಕೊಳ್ಳಬಹುದು.

ಹಾಗಾದರೆ ಯಾವ ಪದಗಳಿಂದ ಶುರು ಮಾಡಬೇಕು? ಈ ಕೆಲಸವನ್ನು ತಜ್ಞರು ಮಾಡಿಟ್ಟಿದ್ದಾರೆ. ಸ್ವಾತಂತ್ರ್ಯಪೂರ್ವದಲ್ಲಿ ಢಾಕಾದಲ್ಲಿ ಶಿಕ್ಷಕರಿಗೆ ಕಲಿಸುತ್ತಿದ್ದ ಮೈಕೇಲ್ ವೆಸ್ಟ್ 1953ರಲ್ಲಿ ಸುಮಾರು 2000 ಅತ್ಯಗತ್ಯ ಇಂಗ್ಲಿಷ್ ಪದಗಳ ಪಟ್ಟಿ ಪ್ರಕಟಿಸಿದರು. ಅವರು ಬಂಗಾಳಿ ಮಕ್ಕಳು ಇಂಗ್ಲಿಷ್ ಓದುವುದನ್ನು ಹತ್ತಿರದಿಂದ ನೋಡಿದವರು. 2000ದಲ್ಲಿ ನ್ಯೂಜಿಲೆಂಡಿನ ಏವ್ರಿಲ್ ಕಾಕ್ಸ್‌ಹೆಡ್ ಎಂಬ ಮಹಿಳೆ ವಿಶ್ವವಿದ್ಯಾಲಯ ಮಟ್ಟದ ಬರಹಗಳನ್ನು ಶೋಧಿಸಿ, ಎಲ್ಲ ವಿಷಯಗಳಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳ 'ಅಕಾಡೆಮಿಕ್ ವರ್ಡ್ ಲಿಸ್ಟ್' ಕೊಟ್ಟರು. ಅಂಥ ಬರಹದಲ್ಲಿ ನೂರು ಪದ ಎಣಿಸಿದರೆ ವೆಸ್ಟ್ ಪಟ್ಟಿಯವು ಸುಮಾರು 76, ಕಾಕ್ಸ್‌ಹೆಡ್ ಪಟ್ಟಿಯವು ಸುಮಾರು 10. ಐದು ಸಾವಿರ ಬೇಡ, ಮೊದಲು ಈ 570 ನೋಡಿ.

ಇದರಲ್ಲಿ ಮೊದಲ ಭಾಗದ 60 ಪದಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಪಾಲಿಸಿ, ಇನ್‌ಕಮ್, ಕಾಂಟ್ರಾಕ್ಟ್, ಪರ್ಸೆಂಟ್, ಪೀರಿಯಡ್, ಸೆಕ್ಷನ್, ಡೇಟಾ, ಫಾರ್ಮುಲಾ, ಲೀಗಲ್, ಮೇಜರ್. ಬ್ಯಾಂಕಿಗೆ ಹೋಗುವ, ಸೊಸೈಟಿ ಮೀಟಿಂಗಿಗೆ ಹೋಗುವ ಯಾವ ಗೃಹಿಣಿಗೆ ಇವು ಗೊತ್ತಿಲ್ಲ? ಆದರೆ ಇಲ್ಲೊಂದು ಎಚ್ಚರಿಕೆ. ಗೊತ್ತಿರುವ ಪದವೇ ಬೇರೆ ಅರ್ಥದಲ್ಲಿ ಬಂದು ಮೋಸ ಮಾಡುತ್ತದೆ. 'ಪಾಲಿಸಿ' ನಮಗೆ ವಿಮೆ, ಲೇಖನದಲ್ಲಿ ಸರಕಾರದ ನೀತಿ. 'ಕ್ರಿಟಿಕಲ್' ಎಂದರೆ ನಮಗೆ ಐಸಿಯು ನೆನಪಾಗುತ್ತದೆ, ಲೇಖನದಲ್ಲಿ ಅದು 'ಅತಿ ಮುಖ್ಯ' ಎಂದೋ 'ತಪ್ಪು ತೋರಿಸುವ' ಎಂದೋ ಇರಬಹುದು. 'ಸಬ್ಜೆಕ್ಟ್' ಶಾಲೆಯ ವಿಷಯವಲ್ಲ, ಪ್ರಯೋಗಕ್ಕೆ ಒಳಗಾದ ವ್ಯಕ್ತಿ. 'ಕಂಡಕ್ಟ್' ಎಂದರೆ ನಡತೆಯಷ್ಟೇ ಅಲ್ಲ, ಸಂಶೋಧನೆ ನಡೆಸುವುದು. ಗೊತ್ತಿಲ್ಲದ ಪದಕ್ಕೆ ನಾವು ನಿಲ್ಲುತ್ತೇವೆ, ಗೊತ್ತಿದೆ ಎಂದುಕೊಂಡದ್ದಕ್ಕೆ ನಿಲ್ಲುವುದಿಲ್ಲ. ಅದಕ್ಕೇ ಇಂಥವನ್ನು ಮೊದಲು ಬರೆದಿಟ್ಟುಕೊಳ್ಳಿ.

ಎರಡನೆಯದು, ಪದವನ್ನು ಒಂಟಿಯಾಗಿ ಕಲಿಯದೆ ಕುಟುಂಬ ಸಮೇತ ಕಲಿಯುವುದು. ಶಾಲೆಯಲ್ಲಿ ಉಪಸರ್ಗ ಕಲಿತದ್ದು ನೆನಪಿದೆಯೇ? ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ: 'ಹಾರ' ಒಂದೇ, ಮುಂದಿನ ತುಂಡು ಬದಲಾದರೆ ಅರ್ಥ ಬದಲಾಗುತ್ತದೆ. ಇಂಗ್ಲಿಷಿನಲ್ಲೂ ಹಾಗೆಯೇ. 'ಡಿಕ್ಟ್' ಎಂದರೆ ಹೇಳುವುದು. ಪ್ರಿಡಿಕ್ಟ್ ಎಂದರೆ ಮುಂಚೆಯೇ ಹೇಳುವುದು, ಕಾಂಟ್ರಡಿಕ್ಟ್ ಎಂದರೆ ಎದುರು ಹೇಳುವುದು. ಒಂದು ಕುಟುಂಬ ಪರಿಚಯವಾದರೆ ನಾಲ್ಕೈದು ಪದ ಒಟ್ಟಿಗೆ ಬರುತ್ತವೆ. ಆದರೂ ತುಂಡು ನೋಡಿ ಊಹಿಸಿದ ಅರ್ಥವನ್ನು ವಾಕ್ಯದಲ್ಲಿಟ್ಟು ನೋಡಲೇಬೇಕು. 'ಇನ್‌ವ್ಯಾಲ್ಯುಯಬಲ್' ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ನಮ್ಮ 'ಅಮೂಲ್ಯ' ನೆನೆದರೆ ಸಾಕು, ಇದು ಮರೆಯುವುದಿಲ್ಲ.

ಮೂರನೆಯದು ಚಿಕ್ಕ ಪದಗಳು. 'ಟ್ರೂ, ಫಾಲ್ಸ್, ನಾಟ್ ಗಿವನ್' ಎಂಬ ಪ್ರಶ್ನೆಗಳಲ್ಲಿ ಬಹಳ ಜನ ಸೋಲುವುದು ದೊಡ್ಡ ಪದಗಳಿಂದಲ್ಲ, ಆಲ್, ಸಮ್, ಮೋಸ್ಟ್, ಓನ್ಲಿ, ಮೇ ಎಂಬ ಮಕ್ಕಳ ಪದಗಳಿಂದ. ಲೇಖನದಲ್ಲಿ 'ಈ ಔಷಧಿ ಕೆಲವರಿಗೆ ಮಾತ್ರ ನಿದ್ದೆ ತರುತ್ತದೆ' ಎಂದಿದೆ ಎನ್ನಿ. 'ಎಲ್ಲರಿಗೂ ನಿದ್ದೆ ತರುತ್ತದೆ' ಎಂಬುದು ಫಾಲ್ಸ್. 'ಈ ಔಷಧಿ ದುಬಾರಿ' ಎಂಬುದು ನಾಟ್ ಗಿವನ್. ಅದು ನಿಜವಿರಬಹುದು, ನಮಗೆ ಗೊತ್ತೂ ಇರಬಹುದು, ಆದರೆ ಲೇಖನ ಹೇಳಿಲ್ಲ. ನರ್ಸ್ ತಂಗಿಯರು ಇಲ್ಲಿ ಹೆಚ್ಚು ಎಚ್ಚರ ವಹಿಸಬೇಕು, ನಿಮ್ಮ ಅನುಭವದಿಂದಲ್ಲ, ಲೇಖನದಿಂದ ಉತ್ತರಿಸಬೇಕು.

ಇನ್ನು ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳು. 'ಎರಡು ಪದಗಳಿಗಿಂತ ಹೆಚ್ಚಿಲ್ಲ' ಎಂದಿದ್ದಾಗ ಮೂರು ಬರೆದರೆ ಅಂಕ ಹೋಯಿತು. ಕಾಗುಣಿತ ತಪ್ಪಿದರೂ, ಬಹುವಚನದ 'ಎಸ್' ಬಿಟ್ಟರೂ ಹೋಯಿತು. ಉತ್ತರದ ಪದ ಲೇಖನದಲ್ಲೇ ಇರುತ್ತದೆ, ನೋಡಿ ಹಾಗೆಯೇ ಇಳಿಸಿ.

ಕಲಿತದ್ದು ಉಳಿಯಬೇಕಲ್ಲ? ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದಂತೆ, ಕಲಿತದ್ದರಲ್ಲಿ ಬಹುಪಾಲು ಮೊದಲ ಒಂದೆರಡು ದಿನಗಳಲ್ಲೇ ಮರೆಯುತ್ತದೆ. ಅದು ವಯಸ್ಸಿನ ದೋಷವಲ್ಲ, ಎಲ್ಲರ ಮನಸ್ಸಿನ ಸ್ವಭಾವ. ಸೆಬಾಸ್ಟಿಯನ್ ಲೈಟ್ನರ್ ಸೂಚಿಸಿದ ಉಪಾಯವನ್ನು ನಮ್ಮ ಅಡುಗೆಮನೆಯ ಡಬ್ಬಿಗಳಲ್ಲೇ ಮಾಡಬಹುದು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿ. ಒಂದು ಬದಿಗೆ ಪದ ಮತ್ತು ಅದು ಸಿಕ್ಕಿದ ವಾಕ್ಯ, ಹಿಂಬದಿಗೆ ಕನ್ನಡ ಅರ್ಥ ಮತ್ತು ಅದೇ ಅರ್ಥದ ಇನ್ನೊಂದು ಇಂಗ್ಲಿಷ್ ಪದ. ಮೊದಲ ಡಬ್ಬಿಯದನ್ನು ದಿನವೂ ನೋಡಿ. ನೆನಪಾದ ಚೀಟಿ ಎರಡನೆಯ ಡಬ್ಬಿಗೆ, ಅದನ್ನು ಮೂರು ದಿನಕ್ಕೊಮ್ಮೆ ನೋಡಿ. ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ. ಮರೆತ ಚೀಟಿ ಮತ್ತೆ ಮೊದಲ ಡಬ್ಬಿಗೆ. ದಿನಕ್ಕೆ ಎಂಟು ಹೊಸ ಚೀಟಿ ಸಾಕು. 570 ಕುಟುಂಬಗಳು ಎರಡೂವರೆ ತಿಂಗಳಲ್ಲಿ ಡಬ್ಬಿ ಸೇರುತ್ತವೆ.

ಚೀಟಿಯ ಹಿಂದೆ ಕನ್ನಡ ಬರೆಯಲು ನಾಚಬೇಡಿ. 'ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಯೋಚಿಸಿ' ಎಂದು ಹೇಳುವವರಿದ್ದಾರೆ. ಮೊದಲ ಪರಿಚಯಕ್ಕೆ ಮನಸ್ಸಿಗೆ ಹತ್ತಿರದ ಭಾಷೆಯೇ ಬೇಗ ದಾರಿ. ಪದ ಹಳಗಿದ ಮೇಲೆ ಕನ್ನಡ ಅರ್ಥ ತಾನಾಗಿ ಹಿಂದೆ ಸರಿಯುತ್ತದೆ.

ಚೀಟಿಯಷ್ಟೇ ಸಾಲದು, ಓದಬೇಕು. ಅಕಾಡೆಮಿಕ್ ಲೇಖನಗಳು ಸಾಮಾನ್ಯ ಓದುಗರಿಗಾಗಿ ಬರೆದ ಪುಸ್ತಕ, ಪತ್ರಿಕೆಗಳಿಂದ ಆರಿಸಿದವು. ಇಂಗ್ಲಿಷ್ ಪತ್ರಿಕೆಯ ವಿಜ್ಞಾನ, ಪರಿಸರ, ಇತಿಹಾಸದ ಪುಟ ದಿನಕ್ಕೊಂದು ಓದಿ. ಒಂದು ವಾರ ಒಂದೇ ವಿಷಯ ಓದಿ: ಜೇನುನೊಣವೋ, ನಿದ್ದೆಯೋ, ನಗರದ ಸಾರಿಗೆಯೋ. ಮೊದಲ ದಿನ ತಡೆದ ಪದಗಳು ನಾಲ್ಕನೆಯ ದಿನ ಹಳೆಯ ಪರಿಚಯಸ್ಥರಾಗಿರುತ್ತವೆ. ವಿರಾರ್, ಡೊಂಬಿವಲಿಯಿಂದ ಲೋಕಲ್‌ನಲ್ಲಿ ಬರುವವರಿಗೆ ಕುಳಿತುಕೊಳ್ಳಲು ಜಾಗ ಸಿಕ್ಕರೆ ಒಂದು ಲೇಖನ, ಸಿಗದಿದ್ದರೆ ಎಂಟು ಚೀಟಿ.

ಪರೀಕ್ಷೆಯ ದಿನ ಗೊತ್ತಿಲ್ಲದ ಪದ ಬಂದೇ ಬರುತ್ತದೆ. ಬಂದಾಗ ಮೊದಲು ಕೇಳಿಕೊಳ್ಳಿ, ಯಾವುದಾದರೂ ಪ್ರಶ್ನೆಗೆ ಇದು ಬೇಕೇ? ಬೇಡವಾದರೆ ಮುಂದೆ ಹೋಗಿ. ಬೇಕಾದರೆ ಅಕ್ಕಪಕ್ಕ ನೋಡಿ. 'ಸಚ್ ಆ್ಯಸ್' ಎಂದಿದ್ದರೆ ಉದಾಹರಣೆ ಬರುತ್ತದೆ, 'ಬಟ್', 'ಹೌಎವರ್' ಎಂದಿದ್ದರೆ ಹಿಂದಿನದಕ್ಕೆ ವಿರುದ್ಧವಾದದ್ದು ಬರುತ್ತದೆ. ಒಂದು ಲೇಖನಕ್ಕೆ 20 ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಒಂದು ಪದದ ಮುಂದೆ ಐದು ನಿಮಿಷ ನಿಂತವರು ಕೊನೆಯ ಲೇಖನದ ಸುಲಭ ಪ್ರಶ್ನೆಗಳನ್ನು ಕಳೆದುಕೊಳ್ಳುತ್ತಾರೆ.

ಕೊನೆಯದಾಗಿ ನಮ್ಮ ವಿಭಾಗಕ್ಕೆ ಒಂದು ಸಲಹೆ. ಪ್ರತಿ ಮಾಸಿಕ ಸಭೆಯ ಮೊದಲು ಅರ್ಧ ಗಂಟೆ ಈ ಓದಿಗೆ ಕೊಡೋಣ. ಒಂದು ಇಂಗ್ಲಿಷ್ ಲೇಖನ, ಅದರ ಮೇಲೆ ಕನ್ನಡದಲ್ಲಿ ಮಾತುಕತೆ. ಪರೀಕ್ಷೆ ಬರೆಯುವವರ ಜತೆ ಬರೆಯದ ಹಿರಿಯರೂ ಕೂರಲಿ. ಮೊಮ್ಮಕ್ಕಳ ಪುಸ್ತಕ ಓದಲು, ಆಸ್ಪತ್ರೆಯ ಕಾಗದದಲ್ಲಿ ಏನಿದೆ ಎಂದು ತಿಳಿದು ಸಹಿ ಹಾಕಲು ಅವರಿಗೂ ಈ ಪದಗಳು ಬೇಕು.