ಅಜ್ಜನ ಕೈಯ ಮರದ ಬಸ್ಸು

(ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬದಂದು, ಜುಲೈ 26, ನೀಡಿದ ಪ್ರಬೋಧನೆ)



ಇಂದು ಯೇಸುಸ್ವಾಮಿಯ ಅಜ್ಜ ಅಜ್ಜಿಯರ ಹಬ್ಬ. ಜೋಕಿಂ ಮತ್ತು ಅನ್ನಮ್ಮ ಎಂಬ ಹೆಸರುಗಳು ಪವಿತ್ರ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಎರಡನೆಯ ಶತಮಾನದಲ್ಲಿ ಯಕೋಬನ ಹೆಸರಿನಿಂದ ಹೊರಟ ಒಂದು ಬರಹದ ಮೂಲಕ ಅವು ನಮಗೆ ಬಂದಿವೆ. ಮೊದಲು ಇಬ್ಬರಿಗೂ ಬೇರೆ ಬೇರೆ ಹಬ್ಬಗಳಿದ್ದವು. 1969ರಲ್ಲಿ ಧರ್ಮಸಭೆಯ ಪಂಚಾಂಗವನ್ನು ಪರಿಷ್ಕರಿಸಿದಾಗ ಗಂಡ ಹೆಂಡತಿಯನ್ನು ಒಂದೇ ದಿನಕ್ಕೆ ಸೇರಿಸಲಾಯಿತು. ಜಗದ್ಗುರು ಫ್ರಾನ್ಸಿಸ್‌ರವರು 2021ರಲ್ಲಿ ಆರಂಭಿಸಿದ ಅಜ್ಜ ಅಜ್ಜಿಯರ ಹಾಗೂ ಹಿರಿಯರ ವಿಶ್ವ ದಿನವೂ ಜುಲೈ ತಿಂಗಳ ನಾಲ್ಕನೆಯ ಭಾನುವಾರ, ಈ ಹಬ್ಬದ ಆಸುಪಾಸಿನಲ್ಲೇ ಬರುತ್ತದೆ.

ನಮ್ಮ ಊರಿನಲ್ಲಿ ಈ ಹಬ್ಬಕ್ಕೆ ಇನ್ನೊಂದು ಅರ್ಥವೂ ಸೇರಿಕೊಂಡಿದೆ. ಇದು ಆಟಿಯ ಕಾಲ. ಹೊರಗೆ ಬಿಡದೆ ಸುರಿಯುವ ಮಳೆ. ಗಲ್ಫ್ ದೇಶಗಳ ಶಾಲೆಗಳಿಗೆ ರಜೆ ಸಿಗುವುದೂ ಇದೇ ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ವರ್ಷವಿಡೀ ಫೋನಿನ ಪರದೆಯಲ್ಲಿ ಕಂಡ ಮೊಮ್ಮಕ್ಕಳು ಮೂರು ನಾಲ್ಕು ವಾರಗಳ ಮಟ್ಟಿಗೆ ಮನೆಗೆ ಬರುತ್ತಾರೆ. ಬಂದವರು ಏನು ಮಾಡಬೇಕು? ಅಂಗಳವಿಲ್ಲದ ಮೂರನೆಯ ಮಹಡಿ, ಕಿಟಕಿಯಾಚೆ ಮಳೆ, ಕೈಯಲ್ಲಿ ಮೊಬೈಲು. ಒಂದೇ ಸೋಫಾದ ಎರಡು ತುದಿಗಳಲ್ಲಿ ಅಜ್ಜ ಮತ್ತು ಮೊಮ್ಮಗ ಕುಳಿತಿರುತ್ತಾರೆ, ಮಾತಾಡಲು ಏನೂ ಇರುವುದಿಲ್ಲ. ಮನೆಭೇಟಿಗೆ ಹೋದಾಗ ನಾವು ಇದನ್ನು ಎಷ್ಟೋ ಮನೆಗಳಲ್ಲಿ ನೋಡುತ್ತೇವೆ.

ಬೇರೊಂದು ದೃಶ್ಯವನ್ನೂ ಕೆಲವು ಮನೆಗಳಲ್ಲಿ ಕಾಣುತ್ತೇವೆ. ನಿವೃತ್ತಿಯಾದ ಅಜ್ಜ ಬಾಲ್ಕನಿಯಲ್ಲೋ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲೋ ಒಂದು ಹಲಗೆ ಹಾಕಿಕೊಂಡು, ಗರಗಸ, ಉಳಿ, ಒಂದು ಸಣ್ಣ ಡ್ರಿಲ್ಲಿಂಗ್ ಮೆಷಿನ್ ಜೋಡಿಸಿಕೊಂಡು ಮರದ ಬಸ್ಸು, ಲಾರಿ, ಆಟೋರಿಕ್ಷಾ ಮಾಡುತ್ತಾರೆ. (ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಡ್ರಿಲ್ಲಿಂಗ್ ಬೇಡ. ಕೆಳಗಿನ ಮನೆಯವರ ದೂರು ಕೊನೆಗೆ ಬರುವುದು ನಮ್ಮ ಕಚೇರಿಗೇ.) ಮರ ಎಲ್ಲಿಂದ? ಹೆಚ್ಚಿನವರು ಸಾಮಿಲ್ಲಿನಿಂದ ಉಳಿಕೆ ತುಂಡುಗಳನ್ನು ತರುತ್ತಾರೆ. ಇನ್ನು ಕೆಲವರಲ್ಲಿ ಅದಕ್ಕಿಂತ ಅಮೂಲ್ಯವಾದದ್ದಿದೆ. ಹಂಚಿನ ಮನೆಯನ್ನು ಕೆಡವಿ ಫ್ಲ್ಯಾಟ್ ಕಟ್ಟಿಸುವಾಗ ನಾಲ್ಕು ಪಕ್ಕಾಸು, ಒಂದು ಕಟ್ಟು ರೀಪು ಎತ್ತಿಟ್ಟುಕೊಂಡಿರುತ್ತಾರೆ. ಐವತ್ತು ಅರವತ್ತು ಮಳೆಗಾಲ ಕಂಡು ಒಣಗಿ ಹದವಾದ ಹಲಸಿನ ಮರ ಅದು. ತಂದೆ ಯಾವ ಮಾಡಿನ ಕೆಳಗೆ ಆಡಿ ಬೆಳೆದನೋ, ಆ ಮಾಡಿನ ತುಂಡೇ ಮಗನ ಕೈಯಲ್ಲಿ ಬಸ್ಸಾಗುತ್ತದೆ.

ಮಕ್ಕಳ ಗಾಡಿ ಹೊಸ ಸಂಗತಿಯಲ್ಲ. ಹರಪ್ಪ, ಮೊಹೆಂಜೊದಾರೊ ಉತ್ಖನನಗಳಲ್ಲಿ ಮಣ್ಣಿನ ಆಟದ ಗಾಡಿಗಳು ಸಿಕ್ಕಿವೆ. ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ದ ಹೆಸರೇ ಮಣ್ಣಿನ ಪುಟ್ಟ ಗಾಡಿ ಎಂದು. ಬಡತನಕ್ಕಿಳಿದ ಚಾರುದತ್ತನ ಮಗ, ನೆರೆಮನೆಯ ಹುಡುಗನಿಗಿರುವಂತಹ ಚಿನ್ನದ ಗಾಡಿಯೇ ಬೇಕೆಂದು ಅಳುತ್ತಾನೆ. ಮಣ್ಣಿನ ಗಾಡಿ ಅವನಿಗೆ ಬೇಡ. ಅವನನ್ನು ಕಂಡು ಕರಗಿದ ವಸಂತಸೇನೆ ತನ್ನ ಆಭರಣಗಳನ್ನು ಬಿಚ್ಚಿ ಆ ಗಾಡಿಗೆ ತುಂಬುತ್ತಾಳೆ. ಇಂದು ಚಿನ್ನದ ಗಾಡಿಯ ಜಾಗದಲ್ಲಿ ರಿಮೋಟ್ ಕಾರು ನಿಂತಿದೆ ಅಷ್ಟೇ. ಮರದ ಬಸ್ಸನ್ನು ಕಂಡೊಡನೆ ಮಗು ಕುಣಿದಾಡುತ್ತದೆ ಎಂದು ಯಾವ ಅಜ್ಜನೂ ಭಾವಿಸಬೇಕಾಗಿಲ್ಲ. ಮಗು ಒಮ್ಮೆ ನೋಡಿ ಬದಿಗಿಡಬಹುದು.

ಹಾಗೆ ಬದಿಗಿಡಲು ಒಂದು ಕಾರಣವನ್ನು ನಾವು ಗಮನಿಸಿದ್ದೇವೆ. ಅಜ್ಜ ಜನವರಿಯಿಂದ ಜೂನ್‌ವರೆಗೆ ಕುಳಿತು ಬಸ್ಸನ್ನು ಪೂರ್ತಿ ಮುಗಿಸಿರುತ್ತಾರೆ. ಬಾಗಿಲು, ಕಿಟಕಿ, ಹಿಂದಿನ ಏಣಿ, ಎಲ್ಲವೂ ಇದೆ, ಮೇಲೆ ಹೊಳೆಯುವ ಪಾಲಿಷ್. ಮಗು ಮುಟ್ಟಿದ ಕೂಡಲೇ, “ಜಾಗ್ರತೆ, ಪೇಂಟ್ ಹೋಗ್ತದೆ!” ಎರಡನೆಯ ದಿನವೇ ಬಸ್ಸು ಗಾಜಿನ ಶೋಕೇಸು ಸೇರುತ್ತದೆ, ಬಂದವರಿಗೆಲ್ಲ ಪ್ರದರ್ಶನ. ಖಡಾಖಂಡಿತವಾಗಿ ಹೇಳುತ್ತೇವೆ: ಆ ಬಸ್ಸು ಮೊಮ್ಮಗನದ್ದಲ್ಲ, ಅಜ್ಜನದ್ದು. ಅದರಲ್ಲಿ ಮಗುವಿಗೆ ಮಾಡಲು ಏನನ್ನೂ ಉಳಿಸಿಲ್ಲ.

ಅರ್ಧ ಮಾಡಿಡಿ. ಗರಗಸದ ಕೆಲಸ, ಡ್ರಿಲ್ಲಿಂಗ್ ನಿಮ್ಮದು, ಅದನ್ನು ಮಕ್ಕಳು ಬರುವ ಮೊದಲೇ ಮುಗಿಸಿರಿ. ಸ್ಯಾಂಡ್ ಪೇಪರ್ ಉಜ್ಜುವುದು, ಅಂಟು ಹಚ್ಚುವುದು, ಚಕ್ರ ಜೋಡಿಸುವುದು, ಬೋರ್ಡು ಬರೆಯುವುದು ಅವರಿಗಿರಲಿ. ನಾಲ್ಕು ವರ್ಷದ ಮಗುವೂ ಸ್ಯಾಂಡ್ ಪೇಪರ್ ಉಜ್ಜಬಲ್ಲದು; ಆಗ ಕೇಳುವ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಇದು ಯಾವ ಮರ? ಈ ತೂತು ಯಾಕೆ? ಅಪ್ಪನ ಕೋಣೆ ಎಲ್ಲಿತ್ತು? ನೀವು ಸಣ್ಣವರಿರುವಾಗ ಬಸ್ಸು ಹೇಗಿತ್ತು? ಹಿಂದೆ ನಿಜವಾದ ಬಸ್ಸಿನ ಬಾಡಿಯನ್ನೇ ಆಚಾರಿಗಳು ಮರದ ಚೌಕಟ್ಟಿನ ಮೇಲೆ ಕಟ್ಟುತ್ತಿದ್ದರೆಂದು ಹೇಳಿರಿ. ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ತೋಟದಲ್ಲಿ ಎಳೆದದ್ದು, ಸವೆದ ಹವಾಯಿ ಚಪ್ಪಲಿಯನ್ನು ಉರುಟಾಗಿ ಕತ್ತರಿಸಿ ಚಕ್ರ ಮಾಡಿದ್ದು, ಇವನ್ನೆಲ್ಲ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಮಗು ಬೋರ್ಡಿನಲ್ಲಿ ‘ಸ್ಟೇಟ್‌ಬ್ಯಾಂಕ್ – ದುಬೈ’ ಎಂದು ಓರೆಕೋರೆಯಾಗಿ ಬರೆದರೆ ತಿದ್ದಬೇಡಿ. ಅಜ್ಜಿಯಂದಿರೇ, ನೀವು ಪ್ರೇಕ್ಷಕರಲ್ಲ. ಸೀಟಿಗೆ ಬಟ್ಟೆ ಹೊಲಿಯುವುದಷ್ಟೇ ನಿಮ್ಮ ಪಾಲೆಂದೂ ತಿಳಿಯಬೇಡಿ. ಯಜಮಾನರಿಗಿಂತ ನೇರವಾಗಿ ಮೊಳೆ ಹೊಡೆಯುವ ಅಜ್ಜಿಯರನ್ನು ನಾವು ಕಂಡಿದ್ದೇವೆ.

ಸಂತ ಜೋಸೆಫರ ಕೆಲಸವನ್ನು ಹೇಳಲು ಶುಭಸಂದೇಶವು ಬಳಸುವ ಗ್ರೀಕ್ ಪದ ‘ತೆಕ್ತೋನ್’. ಯೇಸುಸ್ವಾಮಿಯನ್ನೂ ಊರಿನವರು ಅದೇ ಪದದಿಂದ ಗುರುತಿಸಿದರು (ಮಾರ್ಕ 6:3). ಯೇಸು ನೇಗಿಲು, ನೊಗಗಳನ್ನು ಮಾಡುತ್ತಿದ್ದರೆಂದು ಎರಡನೆಯ ಶತಮಾನದ ಸಂತ ಜಸ್ಟಿನರು ಬರೆದಿದ್ದಾರೆ. ನಮ್ಮ ಊರಿಗೂ ಮರಗೆಲಸಕ್ಕೂ ನಂಟಿದೆ: 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳ ಕಾಲದಿಂದ ಬೆಳೆದ ಜೆಪ್ಪುವಿನ ಸಂತ ಜೋಸೆಫರ ಕಾರ್ಯಾಗಾರದಲ್ಲಿ ಬಡ ಹುಡುಗರು ಮರಗೆಲಸ ಕಲಿತರು. ದೊಡ್ಡವರ ಪಕ್ಕದಲ್ಲಿ ನಿಂತು, ಕೊಟ್ಟದ್ದನ್ನು ಹಿಡಿದು, ನೋಡಿ ನೋಡಿ ಕಲಿಯುವ ಕೆಲಸವಿದು.

ಈಗ ಕೆಲಸದ ಮಾತು. ಕೊಂಬೆಯನ್ನು ಅಡ್ಡಕ್ಕೆ ಕೊಯ್ದರೆ ಸಿದ್ಧ ಚಕ್ರ ಸಿಕ್ಕಿತೆಂದು ಕಾಣುತ್ತದೆ. ಅದು ಒಣಗುವಾಗ ನಡುವಿನಿಂದ ಅಂಚಿಗೆ ಸೀಳುತ್ತದೆ. ಚಕ್ರವನ್ನು ಹಲಗೆಯಿಂದಲೇ ಕೊಯ್ಯಬೇಕು. ಡ್ರಿಲ್ಲಿಗೆ ಹಾಕುವ ಹೋಲ್ ಸಾ ಇದ್ದರೆ ಉರುಟು, ನಡುವಿನ ತೂತು ಎರಡೂ ಒಟ್ಟಿಗೆ ಸಿಗುತ್ತವೆ. ಚನ್ನಪಟ್ಟಣದವರು ಬಳಸುವ ಆಲೆ ಮರ ಬಿಳಿ, ಮೆದು, ತಿರುಗಣೆಗೆ ಹೇಳಿ ಮಾಡಿಸಿದ್ದು. ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಘರ್ಷಣೆಯ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ತಿರುಗಣೆ ಇಲ್ಲದ ನಮ್ಮ ಮನೆಗಳಿಗೆ ಜೇನುಮೇಣ ಸಾಕು. ತೆಂಗಿನೆಣ್ಣೆ ಬೇಡ, ಅದು ಒಣಗುವುದಿಲ್ಲ, ಧೂಳು ಹಿಡಿದು ಮುಗ್ಗಲು ವಾಸನೆ ಬರುತ್ತದೆ. ಅಟ್ಟದ ಹಳೆಯ ಪೇಂಟಿನ ಡಬ್ಬವನ್ನಂತೂ ತೆಗೆಯಲೇಬೇಡಿ. ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಡಬ್ಬದಲ್ಲಿ ಏನಿದೆಯೋ, ಮಗುವಂತೂ ಬಸ್ಸನ್ನು ಬಾಯಿಗಿಡುತ್ತದೆ. ಅಂಗಡಿಯ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅಜ್ಜನಿಗೆ ಪರೀಕ್ಷಕರು ಬರುವುದಿಲ್ಲ, ಆದ್ದರಿಂದ ಅವರೇ ನೋಡಿಕೊಳ್ಳಬೇಕು: ಮೂರು ವರ್ಷದೊಳಗಿನ ಮಗುವಿಗಾದರೆ ಕಳಚಿ ಬರಬಹುದಾದ ಯಾವ ತುಂಡೂ ಒಂದೂಕಾಲು ಇಂಚಿನ ಉರುಟು ಬಾಯಿಯ ಡಬ್ಬದೊಳಗೆ ಇಳಿಯುವಂತಿರಬಾರದು. ಇಳಿದರೆ ಅದು ಗಂಟಲಿಗೂ ಇಳಿದೀತು.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಒಂದೇ. “ಫಾದರ್, ಫೆಬ್ರವರಿಯಲ್ಲಿ ಚೆಂದ ಓಡುತ್ತಿದ್ದ ಬಸ್ಸು, ಮಕ್ಕಳು ಬಂದ ದಿನ ಚಕ್ರವೇ ತಿರುಗಲಿಲ್ಲ.” ಮರ ಆಟಿಯ ತೇವವನ್ನು ಕುಡಿದು ಉಬ್ಬುತ್ತದೆ, ನಾರಿನ ಉದ್ದಕ್ಕೆ ಅಷ್ಟೇನೂ ಇಲ್ಲ, ಅಡ್ಡಕ್ಕೆ ಹೆಚ್ಚು. ಅಚ್ಚುಕಟ್ಟಾಗಿರಲೆಂದು ಬಿಗಿಯಾಗಿ ಕೂರಿಸಿದ ಮರದ ಅಚ್ಚು ತೂತಿನಲ್ಲೇ ಕಚ್ಚಿಕೊಳ್ಳುತ್ತದೆ. ಅದೇ ಬಸ್ಸು ಗಲ್ಫಿನ ಏಸಿ ಕೋಣೆಗೆ ಹೋದರೆ ಕುಗ್ಗಿ ಸಡಿಲವಾಗಿ ಗಡಗಡ ಎನ್ನುತ್ತದೆ. ಆದುದರಿಂದ ಜಾಗ ಬಿಡಿ. ತೂತನ್ನು ಅಚ್ಚಿಗಿಂತ ಒಂದು ಮಿಲಿಮೀಟರಾದರೂ ದೊಡ್ಡದಾಗಿ ಕೊರೆಯಿರಿ. ನೋಡಲು ಚಕ್ರ ಸ್ವಲ್ಪ ಅಲ್ಲಾಡುತ್ತದೆ, ಅಲ್ಲಾಡಲಿ. ಮಗ ಸೊಸೆಯ ಸಂಸಾರದ ವಿಷಯದಲ್ಲೂ ಇದೇ ಅಳತೆಯನ್ನು ಹೇಳಬೇಕೆಂದು ಕೆಲವರು ನಮ್ಮತ್ತ ನೋಡುತ್ತಿದ್ದೀರಿ. ಅದನ್ನು ನಿಮಗೇ ಬಿಡುತ್ತೇವೆ.

ಕೊನೆಯ ದಿನದ ನೋವಿನ ಬಗ್ಗೆ ಒಂದು ಮಾತು. ಬಜಪೆಗೆ ಹೊರಡುವ ಹೊತ್ತಿಗೆ ಸೂಟ್‌ಕೇಸಿನ ತೂಕ ಹೆಚ್ಚಾಗುತ್ತದೆ. ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಂಗುಡೆಯ ಮಸಾಲೆ ಒಳಗೆ ಹೋಗುತ್ತವೆ, ಬಸ್ಸು ಹೊರಗೆ ಉಳಿಯುತ್ತದೆ. ಮನೆ ಖಾಲಿಯಾದ ಮೇಲೆ ಸೋಫಾದ ಕೆಳಗೆ ಅದು ಸಿಕ್ಕಾಗ ಗಟ್ಟಿಗರಾದ ಅಜ್ಜಂದಿರೂ ಕುಸಿದು ಕುಳಿತದ್ದುಂಟು. ತಿರಸ್ಕಾರವೆಂದು ತಿಳಿಯಬೇಡಿ. ಚಕ್ರ ಕಳಚಿದ್ದರೆ ನೀವು ಸರಿಮಾಡಲೂ ಬೇಡಿ, ಹಾಗೆಯೇ ಎತ್ತಿಡಿ. ಮುಂದಿನ ಜುಲೈಯಲ್ಲಿ ಒಂದು ವರ್ಷ ದೊಡ್ಡವನಾಗಿ ಬರುವ ಹುಡುಗನಿಗೆ ಮೊದಲ ದಿನದ ಕೆಲಸ ಸಿದ್ಧವಿರುತ್ತದೆ. ಮೊಮ್ಮಕ್ಕಳು ಬಾರದ ಮನೆಗಳೂ ನಮ್ಮ ಧರ್ಮಕೇಂದ್ರದಲ್ಲಿವೆ, ಮೊಮ್ಮಕ್ಕಳನ್ನೇ ಕಾಣದವರೂ ಇದ್ದಾರೆ. ಜೋಕಿಂ ಮತ್ತು ಅನ್ನಮ್ಮನವರೂ ಬಹುಕಾಲ ಮಕ್ಕಳಿಲ್ಲದೆ ಕಣ್ಣೀರಿಟ್ಟವರೆಂದು ಆ ಹಳೆಯ ಬರಹ ಹೇಳುತ್ತದೆ. ಅಂಗನವಾಡಿಯ ಮಕ್ಕಳಿಗೂ ಬಸ್ಸು ಬೇಕು, ಅವರು ವರ್ಷವಿಡೀ ಇಲ್ಲೇ ಇರುತ್ತಾರೆ.

ಈ ಬಲಿಪೂಜೆಯ ನಂತರ ಹಿರಿಯರನ್ನು ಆಶೀರ್ವದಿಸಲಿದ್ದೇವೆ. ಮಕ್ಕಳು ತಂದ ಗಾಡಿಗಳನ್ನೂ ಪೀಠದ ಮುಂದೆ ಇಡಬಹುದು. ಚಕ್ರ ಕಚ್ಚಿಕೊಂಡಿದ್ದರೆ ಅಚ್ಚನ್ನು ಹೊರತೆಗೆದು, ಪೇಪರಿನಿಂದ ತುಸು ಉಜ್ಜಿ, ಮೇಣ ಸವರಿರಿ. ಉರಿದು ಉಳಿದ ಮೇಣದ ಬತ್ತಿಯ ತುಂಡುಗಳ ದೊಡ್ಡ ಡಬ್ಬವೊಂದು ಸಕ್ರಿಸ್ತಿಯಲ್ಲಿದೆ, ಕೇಳಿ ಪಡೆದುಕೊಳ್ಳಿ.