ಹಳೆಯ ಟೋಪೋಶೀಟುಗಳಲ್ಲಿ ಊರಿನ ಕೆರೆ, ಕಾಲುವೆ ಮತ್ತು ಹಾಳೂರು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಾಠ)



ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳ ಹೆಸರು ದೊಡ್ಡದು. ಅವುಗಳ ಪಾತ್ರದಲ್ಲಿ ನೀರು ಕಾಣುವ ದಿನಗಳು ಕೆಲವೇ. ಈ ಸೀಮೆಯನ್ನು ಬದುಕಿಸಿದ್ದು ಕೆರೆಗಳು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ. ಈ ಸರಪಳಿಯ ಪ್ರತಿಯೊಂದು ಕೊಂಡಿಯನ್ನೂ ಬಲ್ಲವನು ಊರಿನ ನೀರುಗಂಟಿಯಾಗಿದ್ದನು. ಯಾವ ತೂಬನ್ನು ಎಂದು ಎತ್ತಬೇಕು, ಯಾವ ಕಾಲುವೆಯಲ್ಲಿ ಎಲ್ಲಿ ಹೂಳು ಕಟ್ಟುತ್ತದೆ ಎಂಬುದು ಅವನ ನಾಲಿಗೆಯ ಮೇಲಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾನೂನು ಜಾರಿಗೆ ಬಂದ ಮೇಲೆ ಆ ಹುದ್ದೆ ಹೋಯಿತು. ಹುದ್ದೆಯೊಡನೆ ಜೀತದಂತಹ ಕಟ್ಟುಪಾಡುಗಳೂ ಹೋದವು ಎಂಬುದು ನ್ಯಾಯವೇ ಸರಿ. ಆದರೆ ಅವನ ತಿಳಿವಳಿಕೆಯನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಬರೆದಿಟ್ಟುಕೊಳ್ಳಲಿಲ್ಲ ಎಂಬ ಮಾತಿಗೆ ಒಂದು ಅಪವಾದ ಉಂಟು. ಅದು ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕ್ಷೆ. ಕಚೇರಿಗಳ ರೂಢಿಯ ಮಾತಿನಲ್ಲಿ ಟೋಪೋಶೀಟ್. 1767ರಲ್ಲಿ ಆರಂಭವಾದ ಈ ಇಲಾಖೆಯು ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಒಂದು ಮೈಲಿಗೆ ಒಂದು ಅಂಗುಲದ ಪ್ರಮಾಣದಲ್ಲಿ ಬಣ್ಣದ ನಕ್ಷೆಗಳನ್ನು ಸಿದ್ಧಪಡಿಸತೊಡಗಿತು. ಮೆಟ್ರಿಕ್ ಪದ್ಧತಿ ಬಂದ ಬಳಿಕ ಆ ಪ್ರಮಾಣ 1:63,360 ಹೋಗಿ 1:50,000 ಆಯಿತು. ಅಂದರೆ ನಕ್ಷೆಯ ಎರಡು ಸೆಂಟಿಮೀಟರು ನೆಲದ ಒಂದು ಕಿಲೋಮೀಟರು. ಕೊಳವೆಬಾವಿ, ನೀಲಗಿರಿ ತೋಪು, ಬಡಾವಣೆ ಇವು ಮೂರೂ ಹರಡುವ ಮೊದಲಿನ ಕೋಲಾರ ಸೀಮೆ ಹೇಗಿತ್ತೆಂಬುದನ್ನು 1940, 50, 60ರ ದಶಕಗಳ ಹಾಳೆಗಳಷ್ಟು ಸ್ಪಷ್ಟವಾಗಿ ತೋರಿಸುವ ದಾಖಲೆ ಬೇರೆ ಸಿಗುವುದು ಕಷ್ಟ.

ಹಾಳೆಯನ್ನು ಗುರುತಿಸುವ ಕ್ರಮ ಸುಲಭವಾದುದು. ಉತ್ತರ ಅಕ್ಷಾಂಶ 12ರಿಂದ 16 ಡಿಗ್ರಿ, ಪೂರ್ವ ರೇಖಾಂಶ 76ರಿಂದ 80 ಡಿಗ್ರಿಗಳ ನಡುವಿನ ಚೌಕಕ್ಕೆ 57 ಎಂಬ ಸಂಖ್ಯೆ. ಅದನ್ನು ಎ ಇಂದ ಪಿ ವರೆಗೆ ಹದಿನಾರು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ಹದಿನಾರು ಹಾಳೆಗಳಾಗಿ ಒಡೆಯಲಾಗಿದೆ. ಕೋಲಾರ ಪಟ್ಟಣ 57 ಕೆ/4ರಲ್ಲಿ, ಶ್ರೀನಿವಾಸಪುರ 57 ಕೆ/3ರಲ್ಲಿ, ಮುಳಬಾಗಿಲು 57 ಕೆ/8ರಲ್ಲಿ, ಚಿನ್ನದ ಗಣಿ ಪ್ರದೇಶ 57 ಎಲ್/5ರಲ್ಲಿ ಬರುತ್ತದೆ. ಒಂದು ಹಾಳೆಯಲ್ಲಿ ಸುಮಾರು 750 ಚದರ ಕಿಲೋಮೀಟರು ನೆಲ ಅಡಗಿರುತ್ತದೆ. ಹಾಗಾಗಿ ಒಂದು ಪಂಚಾಯಿತಿಯ ವ್ಯಾಪ್ತಿ ಅಂಗೈ ಅಗಲಕ್ಕಿಂತ ಹೆಚ್ಚಿರಲಾರದು. ಆ ಭಾಗವನ್ನಷ್ಟೆ ನಾಲ್ಕು ಪಟ್ಟು ಹಿಗ್ಗಿಸಿ ಮುದ್ರಿಸಿಕೊಂಡರೆ ವಯಸ್ಸಾದವರಿಗೂ ಓದಲು ಅನುಕೂಲ.

ಬಣ್ಣಗಳ ಅರ್ಥವನ್ನು ಮೊದಲು ತಿಳಿಯಬೇಕು. ನೀಲಿ ಎಂದರೆ ನೀರು, ಹಳದಿ ಎಂದರೆ ಸಾಗುವಳಿ, ಹಸಿರು ಮರಗಿಡ, ಕೆಂಪು ಮನೆ ಮತ್ತು ರಸ್ತೆ. ನೆಲದ ಏರಿಳಿತವನ್ನು ಹೇಳುವ ಸಮೋನ್ನತ ರೇಖೆಗಳು ಕಂದು. ಕೆರೆಯ ಏರಿಯನ್ನು ಪ್ರತ್ಯೇಕ ಗುರುತಿನಿಂದ ಬಿಡಿಸಿರುತ್ತಾರೆ. ಅದರ ಪಕ್ಕದಲ್ಲಿ ಒಂದು ಸಣ್ಣ ಅಂಕಿ, ಅಂಕಿಯ ಬೆನ್ನಿಗೆ ಇಂಗ್ಲಿಷಿನ ಆರ್ ಅಕ್ಷರ ಇದ್ದರೆ ಅದು ಸುತ್ತಲ ನೆಲದಿಂದ ಏರಿಯ ಎತ್ತರ. ಹಳೆಯ ಹಾಳೆಯಲ್ಲಿ ಅಡಿಗಳಲ್ಲಿ, ಹೊಸದರಲ್ಲಿ ಮೀಟರುಗಳಲ್ಲಿ. ಈ ವ್ಯತ್ಯಾಸ ಮರೆತವರು ಹನ್ನೆರಡು ಅಡಿಯ ಏರಿಯನ್ನು ಹನ್ನೆರಡು ಮೀಟರು ಎಂದು ಓದಿಬಿಡುವುದುಂಟು.

ಕೆರೆಯೊಳಗೆ ನೀಲಿ ತುಂಬಿದ್ದರೆ ವರ್ಷವೆಲ್ಲ ನೀರು ನಿಲ್ಲುತ್ತಿತ್ತೆಂದೂ ಬರಿಯ ರೇಖೆಯಿದ್ದರೆ ಬೇಸಿಗೆಯಲ್ಲಿ ಒಣಗುತ್ತಿತ್ತೆಂದೂ ತಿಳಿಯಬಹುದು. ಒಣಕೆರೆ ಎಂಬ ಗುರುತು ಕಂಡೊಡನೆ ಅದು ಪಾಳುಬಿದ್ದ ಕೆರೆಯೆಂದು ತೀರ್ಮಾನಿಸುವುದು ಮಾತ್ರ ತಪ್ಪು. ಕೋಲಾರದ ಎಷ್ಟೋ ಒಳ್ಳೆಯ ಕೆರೆಗಳ ಸಹಜ ಸ್ವಭಾವವೇ ಅದು: ಮಳೆಗಾಲದಲ್ಲಿ ತುಂಬಿ, ಅಚ್ಚುಕಟ್ಟಿಗೆ ಹರಿದು, ಬೇಸಿಗೆಯಲ್ಲಿ ಬರಿದಾಗಿ ರೈತರಿಗೆ ಗೋಡುಮಣ್ಣು ಕೊಡುವುದು.

ನಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕಾದುದು ಕೆರೆಗಳನ್ನಲ್ಲ, ಅವುಗಳ ನಡುವಿನ ಸಣ್ಣ ಗೆರೆಗಳನ್ನು. ಕೆರೆ ದೊಡ್ಡದು, ಕಣ್ಣಿಗೆ ಬೀಳುತ್ತದೆ. ಒತ್ತುವರಿಯಾದರೂ ಕುರುಹು ಉಳಿಯುತ್ತದೆ. ಕಾಲುವೆ ಹಾಗಲ್ಲ. ಎರಡು ಉಳುಮೆಗೆ ಬದುವಾಗುತ್ತದೆ, ನಾಲ್ಕು ಉಳುಮೆಗೆ ಹೊಲವಾಗುತ್ತದೆ. 2018ರ ಜೂನ್ ತಿಂಗಳಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಈ ಗೆರೆಗಳ ಬೆಲೆ ಜಿಲ್ಲೆಗೆ ಮನವರಿಕೆಯಾಯಿತು. ಯೋಜನೆಯ ಮೊದಲ ಹಂತದಲ್ಲಿ 126 ಕೆರೆಗಳನ್ನು ತುಂಬಿಸುವ ಉದ್ದೇಶವಿತ್ತು. ಪ್ರತಿ ಕೆರೆಗೂ ಕೊಳವೆಯಲ್ಲಿ ನೀರು ಹೋಗುವುದಿಲ್ಲ. ಮೇಲಿನ ಕೆರೆಗೆ ಬಿಟ್ಟದ್ದು ಕೋಡಿಯಿಂದ ಹರಿದು ಕೆಳಗಿನದಕ್ಕೆ ಇಳಿಯಬೇಕು. ಕಾಲುವೆ ಇದ್ದಲ್ಲಿ ನೀರು ಕೆರೆಗೆ ಹೋಗುತ್ತದೆ, ಕಾಲುವೆ ಅಳಿದಲ್ಲಿ ಯಾರದೋ ಟೊಮೆಟೊ ತೋಟಕ್ಕೆ ನುಗ್ಗುತ್ತದೆ. ಆಗ ನೀರು ನುಗ್ಗಿಸಿಕೊಂಡವನೂ ನೀರು ಕಾಣದವನೂ ಒಟ್ಟಿಗೆ ಬಂದು ಕದ ತಟ್ಟುವುದು ಪಂಚಾಯಿತಿಯ ಸದಸ್ಯನ ಮನೆಯನ್ನು.

ಇಂತಹ ಸಂದರ್ಭದಲ್ಲಿ ಹಳೆಯ ಹಾಳೆಯನ್ನು ಬಿಚ್ಚಿ, ಕೋಡಿಯಿಂದ ಹೊರಟ ಗೆರೆ ಯಾವ ಊರಿನ ಎಡಕ್ಕೆ ಸಾಗಿತ್ತು, ಯಾವ ಕುಂಟೆಯನ್ನು ಮುಟ್ಟಿತ್ತು, ಯಾವ ಬಂಡಿದಾರಿಯನ್ನು ದಾಟಿತ್ತು ಎಂದು ಬೆರಳಿಟ್ಟು ನೋಡಬೇಕು. ಆಮೇಲೆ ಅದೇ ಜಾಡಿನಲ್ಲಿ ನಡೆಯಬೇಕು. ಹೊಂಗೆ, ಈಚಲು, ಲಕ್ಕಿಗಿಡಗಳ ಸಾಲು, ಅಲ್ಲಲ್ಲಿ ಉಳಿದ ಕಲ್ಲುಕಟ್ಟಡ, ಮಳೆ ಬಂದಾಗ ಮಾತ್ರ ಜೌಗಾಗುವ ಹೊಲದ ಮೂಲೆ, ಇವು ನಕ್ಷೆಯ ಗೆರೆಗೆ ನೆಲದ ಸಾಕ್ಷಿಗಳು. ಸಮೋನ್ನತ ರೇಖೆಗಳಿಂದ ಕಾಲುವೆಯ ಇಳಿಜಾರನ್ನು ಲೆಕ್ಕಹಾಕುವ ಆಸೆ ಬೇಡ. ಹಳೆಯ ಹಾಳೆಗಳಲ್ಲಿ ರೇಖೆಗೂ ರೇಖೆಗೂ 50 ಅಡಿ ಅಂತರ, ಮೆಟ್ರಿಕ್ ಹಾಳೆಗಳಲ್ಲಿ 20 ಮೀಟರು. ಎರಡು ಕೆರೆಗಳ ನಡುವಣ ಇಳಿತ ಅದರ ಕಾಲುಭಾಗವೂ ಇರಲಿಕ್ಕಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಟೋಪೋಶೀಟ್ ಒಡೆತನಕ್ಕೆ ಸಾಕ್ಷಿಯಲ್ಲ. ಅದರಲ್ಲಿ ಸರ್ವೆ ನಂಬರಿಲ್ಲ, ಹಿಡುವಳಿಯ ಗಡಿಯಿಲ್ಲ. ಒಂದು ಮಿಲಿಮೀಟರು ದಪ್ಪದ ಗೆರೆ ನೆಲದ ಮೇಲೆ 50 ಮೀಟರಿಗೂ ಹೆಚ್ಚಾಗುತ್ತದೆ. ಒತ್ತುವರಿ ಎಷ್ಟು ಗುಂಟೆ ಎಂಬ ಪ್ರಶ್ನೆಗೆ ಉತ್ತರ ಗ್ರಾಮನಕ್ಷೆ, ಟಿಪ್ಪಣಿ, ಆಕಾರಬಂದುಗಳಲ್ಲಿದೆ. ಅಳತೆ ಮಾಡಬೇಕಾದವರು ಭೂಮಾಪಕರು, ತೆರವು ಮಾಡಿಸಬೇಕಾದವರು ಕಂದಾಯ ಅಧಿಕಾರಿಗಳು. ಹಳ್ಳ, ಕಾಲುವೆ, ಕೆರೆ, ದಾರಿಗಳು ಸರ್ಕಾರದ ಸ್ವತ್ತೆಂದು 1964ರ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣ ಹೇಳುತ್ತದೆ. ಪಹಣಿಯಲ್ಲಿ ಅವು ಬಹುತೇಕ ‘ಬಿ’ ಖರಾಬಿನಲ್ಲಿ ನಮೂದಾಗಿರುತ್ತವೆ. ಟೋಪೋಶೀಟಿನ ಕೆಲಸ ಅದಕ್ಕೂ ಮೊದಲಿನದು. ಇಲ್ಲಿ ಒಂದು ಕಾಲುವೆ ಇತ್ತು, ಗ್ರಾಮನಕ್ಷೆಯನ್ನು ಈ ಜಾಗದಲ್ಲಿ ತೆರೆದು ನೋಡಿ ಎಂದು ಅದು ಬೆರಳು ಮಾಡಿ ತೋರಿಸುತ್ತದೆ. ಹಾಳೆ ಹಿಡಿದು ಸದಸ್ಯರೇ ನೆರೆಯವನ ಹೊಲಕ್ಕೆ ನುಗ್ಗಿದರೆ ಕೆರೆಯ ಕೆಲಸ ಕೆಟ್ಟು, ಊರಿನ ಜಗಳವಾಗಿ ಉಳಿಯುತ್ತದೆ.

ಎರಡನೆಯ ಎಚ್ಚರಿಕೆ ವರ್ಷದ್ದು. ಹಾಳೆಯ ಮೇಲೆ ಅಚ್ಚಾದ ವರ್ಷವೇ ಅಳತೆಯ ವರ್ಷವೆಂದು ಭಾವಿಸಬಾರದು. ಐವತ್ತರ ದಶಕದಲ್ಲಿ ಮುದ್ರಣವಾದ ಹಾಳೆಗೆ ಹತ್ತಾರು ವರ್ಷ ಹಿಂದಿನ ಸರ್ವೆಯೇ ಆಧಾರವಾಗಿರಬಹುದು. ರಸ್ತೆ, ರೈಲುಗಳನ್ನಷ್ಟೆ ತಿದ್ದಿ ಉಳಿದುದನ್ನು ಹಾಗೆಯೇ ಬಿಟ್ಟಿರಬಹುದು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಸರ್ವೆಯ ವರ್ಷ ಬೇರೆಯಾಗಿ ಇರುತ್ತದೆ. ಮೊದಲು ಅದನ್ನು ಓದಿ, ಪ್ರತಿಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಳ್ಳುವುದು ಕ್ಷೇಮ.

ಕೆರೆಯ ಮಾತು ಹೀಗಾದರೆ, ಊರಿನ ಮಾತು ಇನ್ನೂ ಸ್ವಾರಸ್ಯವಾದುದು. ಹಾಳೆಯ ಸೂಚಿಯಲ್ಲಿ ಜನವಸತಿಯಿರುವ ಗ್ರಾಮಕ್ಕೆ ಒಂದು ಗುರುತು, ಜನ ಬಿಟ್ಟುಹೋದ ಗ್ರಾಮಕ್ಕೆ ಇನ್ನೊಂದು. ಕಂದಾಯ ದಾಖಲೆಗಳಲ್ಲಿ ಇಂತಹ ಊರಿಗೆ ಬೇಚಿರಾಕ್ ಗ್ರಾಮವೆಂದು ಹೆಸರು. ಚಿರಾಗು ಇಲ್ಲದ್ದು, ಅಂದರೆ ದೀಪ ಉರಿಯದ ಊರು. ಸರ್ಕಾರಿ ಕಡತದಲ್ಲಿ ಇಷ್ಟು ಕಾವ್ಯಮಯವಾದ ಶಬ್ದ ಮತ್ತೊಂದಿರಲಾರದು. ಪ್ಲೇಗು, ಬರ, ಕೆರೆ ಒಡೆದದ್ದು, ದಾಯಾದಿ ವ್ಯಾಜ್ಯ, ಕಾರಣ ಯಾವುದೂ ನಕ್ಷೆಯಲ್ಲಿ ಇರುವುದಿಲ್ಲ. ಅದನ್ನು ಹೇಳಬಲ್ಲವರು ಪಕ್ಕದ ಊರಿನ ಹಿರಿಯರು: ಎಲ್ಲಿಂದಲೋ ಬಂದು ನೆಲೆಸಿದ ಮನೆತನಗಳು ಈಗಲೂ ವರ್ಷಕ್ಕೊಮ್ಮೆ ಹಾಳೂರಿನ ಮಾರಮ್ಮನಿಗೆ ತಂಬಿಟ್ಟು ಒಯ್ಯುವುದೇಕೆ, ಹೊಲದ ನಡುವೆ ಒಂಟಿ ಬೇವಿನಮರದ ಬುಡದಲ್ಲಿ ವೀರಗಲ್ಲು ನಿಂತಿರುವುದೇಕೆ ಎಂಬುದನ್ನು ಅವರಿಂದ ಕೇಳಬೇಕು. ಬಿ.ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದು. ಅದರಲ್ಲಿ ತಾಲ್ಲೂಕುವಾರು, ಊರುವಾರು ಶಾಸನಗಳಿವೆ. ಆ ಸಂಪುಟದ ಊರುಗಳ ಪಟ್ಟಿಯನ್ನೂ ಟೋಪೋಶೀಟನ್ನೂ ಅಕ್ಕಪಕ್ಕ ಇಟ್ಟರೆ, ಇಂದಿನ ಪಟ್ಟಿಯಲ್ಲಿ ಇಲ್ಲದ ಹೆಸರು ನಕ್ಷೆಯ ಮೂಲೆಯಲ್ಲಿ ಸಿಗಬಹುದು. ಕೆರೆ ಕಟ್ಟಿಸಿದವನಿಗೆ ಕೊಟ್ಟ ಕಟ್ಟುಕೊಡಗೆಯ ಗದ್ದೆ ಯಾವ ಏರಿಯ ಕೆಳಗಿನದೆಂಬುದೂ ತಿಳಿಯಬಹುದು.

ಹೆಸರುಗಳನ್ನು ಓದುವಾಗ ಕಿವಿಯನ್ನೂ ಬಳಸಬೇಕಾಗುತ್ತದೆ. ನಕ್ಷೆಗಾರರು ಕೇಳಿದಂತೆ ಇಂಗ್ಲಿಷಿನಲ್ಲಿ ಬರೆದವರು. ಕನ್ನಡ, ತೆಲುಗು ಎರಡೂ ನಡೆಯುವ ಸೀಮೆಯಲ್ಲಿ ಹಳ್ಳಿ ಪಲ್ಲಿಯಾಗಿರುತ್ತದೆ, ಪಲ್ಲಿ ಹಳ್ಳಿಯಾಗಿರುತ್ತದೆ. ಸಂದ್ರ ಎಂದು ಮುಗಿಯುವ ಹೆಸರು ಹಲವೆಡೆ ಸಮುದ್ರದ ಸವೆದ ರೂಪ, ಎಂದರೆ ಅಲ್ಲೊಂದು ದೊಡ್ಡ ಕೆರೆಯಿದ್ದ ಸುಳಿವು. ಗಟ್ಟಿಯಾಗಿ ಓದಿ ಹೇಳಿದರೆ ಹಿರಿಯರು ಕೂಡಲೇ ಗುರುತಿಸುತ್ತಾರೆ.

ಗುಂಡುತೋಪುಗಳ ವಿಷಯ ಬೇಗ ಮುಗಿಯುವಂತಹುದು. ಊರ ಬಾಗಿಲಿನ ಹುಣಿಸೆ, ಮಾವುಗಳ ಸಾರ್ವಜನಿಕ ತೋಪುಗಳು ಹಳೆಯ ಹಾಳೆಗಳಲ್ಲಿ ಮರದ ಚುಕ್ಕೆಗಳಾಗಿ ಕಾಣುತ್ತವೆ. ಜೀವವೈವಿಧ್ಯ ನಿರ್ವಹಣಾ ಸಮಿತಿಯು ಜನತಾ ಜೀವವೈವಿಧ್ಯ ದಾಖಲಾತಿ ಬರೆಯುವಾಗ ಅವನ್ನು ಇಂದಿನ ಸ್ಥಿತಿಯೊಡನೆ ಹೋಲಿಸಿಕೊಳ್ಳಬಹುದು. ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿಗಳ ಮೇಲೆ ಚಿಕ್ಕಬಳ್ಳಾಪುರಕ್ಕೆ ಓಡುತ್ತಿದ್ದ ಕಿರುರೈಲಿನ ದಾರಿಯೂ ಆ ಹಾಳೆಗಳಲ್ಲಿದೆ. 2013ರಲ್ಲಿ ಆ ಮಾರ್ಗವಿಡೀ ಬ್ರಾಡ್‌ಗೇಜ್ ಆದ ಮೇಲೆ ಕಿರುರೈಲಿನ ಕಾಲದ ಊರೂರಿನ ನೆನಪುಗಳು ಮಾಸುತ್ತಿವೆ. ಶಾಲಾ ಮಕ್ಕಳಿಗೆ ಮೊದಲು ತೋರಿಸಲು ಇದು ತಕ್ಕ ವಿಷಯ.

ಹಾಳೆಗಳು ಎಲ್ಲಿ ದೊರೆಯುತ್ತವೆ? 2005ರ ರಾಷ್ಟ್ರೀಯ ನಕ್ಷಾ ನೀತಿಯ ಅನಂತರ ಸಾರ್ವಜನಿಕರಿಗಾಗಿ ಪ್ರತ್ಯೇಕ ಸರಣಿಯ ನಕ್ಷೆಗಳು ಬಂದಿವೆ. 2017ರಿಂದ ಭಾರತೀಯ ಸರ್ವೇಕ್ಷಣ ಇಲಾಖೆಯ ಜಾಲತಾಣದಲ್ಲಿ ನಾಗರಿಕರು ಅವನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಆದರೆ ಅವು ಈಚಿನವು. ಹಳೆಯ ಆವೃತ್ತಿಗಳಿಗಾಗಿ ಕಾಲೇಜುಗಳ ಭೂಗೋಳ ವಿಭಾಗಗಳಲ್ಲಿ, ಹಳೆಯ ಗ್ರಂಥಾಲಯಗಳಲ್ಲಿ, ನೀರಾವರಿ ಕಚೇರಿಗಳಲ್ಲಿ ವಿಚಾರಿಸಬೇಕು. ಅಮೆರಿಕದ ಸೇನಾ ನಕ್ಷಾ ವಿಭಾಗವು 1950ರ ದಶಕದಲ್ಲಿ 1:2,50,000 ಪ್ರಮಾಣದಲ್ಲಿ ಭಾರತದ ನಕ್ಷೆಗಳನ್ನು ಸಿದ್ಧಪಡಿಸಿತ್ತು. ಅವು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಎಲ್ಲರಿಗೂ ಲಭ್ಯ. ಕುಂಟೆ, ಕಾಲುವೆಗಳನ್ನು ಅವುಗಳಲ್ಲಿ ಹುಡುಕಿ ಫಲವಿಲ್ಲ; ಬೇತಮಂಗಲದಂತಹ ದೊಡ್ಡ ಕೆರೆಗಳನ್ನೂ ಮುಖ್ಯ ದಾರಿಗಳನ್ನೂ ನೋಡಲು ಸಾಕು.

ಹಾಳೆ ಕೈಗೆ ಬಂದ ಮೇಲೆ ಮಾಡಬೇಕಾದ ಕೆಲಸಕ್ಕೆ ಹೆಚ್ಚು ಖರ್ಚಿಲ್ಲ. ಹಿಗ್ಗಿಸಿದ ಪ್ರತಿಯನ್ನು ಅರಳಿಕಟ್ಟೆಯ ಮೇಲೆ ಹರಡಿ, ಎಪ್ಪತ್ತೈದು ದಾಟಿದ ಹೆಂಗಸರನ್ನೂ ಗಂಡಸರನ್ನೂ ಕೂರಿಸಿ ಕೇಳಬೇಕು. ಹೆಂಗಸರನ್ನು ಬಿಡಬಾರದು, ನೀರು ಹೊತ್ತ ಬಾವಿ, ಸೌದೆ ತಂದ ಗುಡ್ಡ, ಬಟ್ಟೆ ಒಗೆದ ಕೋಡಿ ಅವರಿಗೆ ಗೊತ್ತಿರುವಷ್ಟು ಗಂಡಸರಿಗೆ ಗೊತ್ತಿರುವುದಿಲ್ಲ. ನೀರುಗಂಟಿ ಮನೆತನದವರು ಊರಲ್ಲಿದ್ದರೆ ಅವರನ್ನು ಮೊದಲು ಕರೆಯಬೇಕು, ಮತ್ತು ಕಟ್ಟೆಯ ಮೇಲೆಯೇ ಕೂರಿಸಬೇಕು. ಹೇಳಿದ ಹೆಸರನ್ನು ಪೆನ್ಸಿಲಿನಲ್ಲಿ ಕನ್ನಡದಲ್ಲಿ ಅದೇ ಜಾಗದ ಮೇಲೆ ಬರೆದು, ಇಬ್ಬರ ಮಾತು ಬೇರೆಯಾದರೆ ಎರಡನ್ನೂ ಬರೆದು, ಹೇಳಿದವರ ವಯಸ್ಸು ಮತ್ತು ತಾರೀಖನ್ನು ಅಂಚಿನಲ್ಲಿ ಗುರುತಿಸಬೇಕು. ಆ ಪ್ರತಿಯ ಒಂದು ನಕಲು ಪಂಚಾಯಿತಿಯ ಕಡತಕ್ಕೆ, ಒಂದು ನಕಲು ಅರಿವು ಕೇಂದ್ರದ ಗೋಡೆಗೆ. ಕಾಲುವೆ ದುರಸ್ತಿಯನ್ನು ಮುಂದಿನ ವರ್ಷದ ಉದ್ಯೋಗ ಖಾತರಿ ಕ್ರಿಯಾಯೋಜನೆಗೆ ಸೇರಿಸುವ ಗ್ರಾಮಸಭೆಯ ದಿನ ಆ ಗೋಡೆಯ ನಕಲನ್ನು ಇಳಿಸಿ ಸಭೆಯ ಮುಂದೆ ಇಡಬಹುದು.